ಎಡಗೈ ಕತ್ತರಿ

ಮಾಸ್ಟರಿಗೆ ಹೊಟ್ಟೆಕಿಚ್ಚು ಹತ್ತಿದ್ದು ಎದುರು ಸಾಲಿನಲ್ಲಿ ಗಾಜಿನ ಬಾಗಿಲು ಹಾಕಿಸಿಕೊಂಡು ಹೊಸದಾಗಿ ಸಲೂನು ತೆರೆದವನ ಮೇಲಲ್ಲ. ಅವನ ಮೇಲೆ ಹತ್ತಿದ್ದರೆ ಅದಕ್ಕೊಂದು ಮರ್ಯಾದೆಯಾದರೂ ಇರುತ್ತಿತ್ತು. ಹತ್ತಿದ್ದು ಕಟ್ಟಿಕೊಂಡ ಹೆಂಡತಿಯ ಮೇಲೆ. ಅದೂ ತನ್ನದೇ ಅಂಗಡಿಯಲ್ಲಿ, ಗಿರಾಕಿಗಳು ಕಾಯುವ ಬೆಂಚಿನ ತುದಿಯಲ್ಲಿ ಕೂತು, ನಿನ್ನೆಯ ಪೇಪರನ್ನೇ ಇವತ್ತೂ ಓದುವ ನಾಟಕವಾಡುತ್ತ.

ಅಂಗಡಿ ದೊಡ್ಡದೇನಲ್ಲ. ಮುಂದಿನ ಗೋಡೆಗೆ ಉದ್ದಕ್ಕೂ ಒಂದು ಕನ್ನಡಿ, ಅದರೆದುರು ಪೆಡಲು ತುಳಿದರೆ ಮೇಲೇಳುವ ಒಂದೇ ಒಂದು ಕುರ್ಚಿ, ಹಿಂದಿನ ಗೋಡೆಗೆ ಒರಗಿಸಿದ ಬೆಂಚು. ಅದರಾಚೆ ಪರದೆ ಇಳಿಬಿಟ್ಟ ಸಣ್ಣ ಕೋಣೆ. ಅಲ್ಲಿ ಟವೆಲು ಒಗೆಯುವ ಬಕೆಟ್ಟು, ನೀರು ಕಾಯಿಸುವ ಸ್ಟೌ, ಎಂದೋ ಮಾತು ನಿಲ್ಲಿಸಿದ ಒಂದು ರೇಡಿಯೋ. ಕುರ್ಚಿಯ ಹಿಂದೆ ನಿಂತವನು ಯಜಮಾನ, ಬೆಂಚಿನ ಮೇಲೆ ಕೂತವನು ಹೊರಗಿನವನು ಎಂಬ ಲೆಕ್ಕವನ್ನು ಮಾಸ್ಟರ್ ತಾನೇ ಮಾಡಿಟ್ಟಿದ್ದ. ಈಗ ಅದೇ ಲೆಕ್ಕದ ಪ್ರಕಾರ ಅವನು ಹೊರಗಿನವನಾಗಿದ್ದ.

ಮಾಸ್ಟರ್ ಎನ್ನುವುದು ಕತ್ತರಿ ಗಳಿಸಿಕೊಟ್ಟ ಹೆಸರು. ಕತ್ತರಿ ಅವನ ಅಪ್ಪನದು. ಅಪ್ಪನ ಕೈಯಲ್ಲಿ ಸವೆದು, ಅವನ ಕೈಯಲ್ಲಿ ಇನ್ನಷ್ಟು ಸವೆದು, ಹೆಬ್ಬೆರಳು ತೂರಿಸುವ ಬಳೆ ಕನ್ನಡಿಯಷ್ಟೇ ನುಣುಪಾಗಿತ್ತು. ಆ ಕತ್ತರಿ ಬಿಟ್ಟು ಬೇರೆ ಕತ್ತರಿಯನ್ನು ಅವನು ಮುಟ್ಟಿದವನಲ್ಲ. ಗಿರಾಕಿ ಕುರ್ಚಿಯಲ್ಲಿ ನಿದ್ದೆ ಹೋದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇಲ್ಲ ಎಂದು ಅಪ್ಪ ಹೇಳುತ್ತಿದ್ದ. ಮಾಸ್ಟರ್ ಕೈ ತಲೆಗೆ ತಾಗಿದ ಕೂಡಲೇ ರಿಟೈರಾದ ಪೋಸ್ಟ್‌ಮ್ಯಾನ್ ಗೊರಕೆ ಹೊಡೆಯುತ್ತಿದ್ದರು. ಆ ಗೊರಕೆ ಕೇಳಿ ಮಾಸ್ಟರ್ ಬೀಗುತ್ತಿದ್ದ, ಬೀಗಿದ್ದು ಬೆಂಚಿನವರಿಗೂ ಕಾಣಲಿ ಎಂದು ಕನ್ನಡಿಯಲ್ಲಿ ಅವರತ್ತ ನೋಡುತ್ತಿದ್ದ.

ಎಲ್ಲ ಸರಿಯಾಗಿಯೇ ಇತ್ತು. ಒಂದು ಬೆಳಿಗ್ಗೆ ರೋಲಿಂಗ್ ಶಟರ್ ಎತ್ತಿ, ಕೆಳಗೆ ಬಿದ್ದ ಬೀಗ ತೆಗೆದುಕೊಳ್ಳಲು ಬಗ್ಗಿದಾಗ ಮೇಲಿನ ಸ್ಪ್ರಿಂಗು ತುಂಡಾಯಿತು. ಶಟರು ಬಂದು ಕೂತದ್ದು ಸರಿಯಾಗಿ ಅವನ ಬಲ ಮಣಿಕಟ್ಟಿನ ಮೇಲೆ. ಆಸ್ಪತ್ರೆಯಲ್ಲಿ ಕೊಯ್ದರು, ಹೊಲಿದರು, ಸರಳು ಹಾಕಿದರು. ಕೈ ಉಳೀತಲ್ಲ, ಅದೇ ದೊಡ್ಡದು ಎಂದರು ಡಾಕ್ಟರು. ಕೈ ಉಳಿದದ್ದು ನಿಜ. ಆದರೆ ಹೆಬ್ಬೆರಳಿಗೂ ತೋರುಬೆರಳಿಗೂ ಮಾತುಕತೆ ನಿಂತುಹೋಗಿತ್ತು. ಅನ್ನ ಕಲಸಬಹುದು, ಬಾಗಿಲು ನೂಕಬಹುದು, ಕತ್ತರಿ ಆಡಿಸಲಾಗದು. ಹಾಗಿದ್ದ ಮೇಲೆ ಅಂಥ ಕೈ ಅವನಿಗೆ ಇದ್ದರೆಷ್ಟು, ಬಿಟ್ಟರೆಷ್ಟು.

ಅವನು ಆಸ್ಪತ್ರೆಯಲ್ಲಿದ್ದಾಗ ಹೆಂಡತಿ ಹೊಸ ಸ್ಪ್ರಿಂಗು ಹಾಕಿಸಿ ಅಂಗಡಿ ತೆರೆದಳು. ಯಾರನ್ನಾದರೂ ಕೂಲಿಗಿಟ್ಟುಕೊಂಡಿರಬೇಕು ಎಂದುಕೊಂಡಿದ್ದ ಮಾಸ್ಟರ್. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಮೊದಲ ಸಲ ಅಂಗಡಿಗೆ ಬಂದಾಗ ಕುರ್ಚಿಯ ಹಿಂದೆ ನಿಂತವಳು ಅವಳೇ. ಅಪ್ಪನ ಕತ್ತರಿ ಅವಳ ಕೈಯಲ್ಲಿತ್ತು. ಅದೂ ಎಡಗೈಯಲ್ಲಿ.

ಅವಳು ಹುಟ್ಟಾ ಎಡಚಿ. ಚಿಕ್ಕವಳಿದ್ದಾಗ ಅವಳ ತಾಯಿ ಆ ಕೈಗೆ ಬಟ್ಟೆ ಸುತ್ತಿ ಕಟ್ಟುತ್ತಿದ್ದಳಂತೆ, ಶಾಲೆಯಲ್ಲಿ ಗೆಣ್ಣಿಗೆ ಹೊಡೆಯುತ್ತಿದ್ದರಂತೆ. ಮದುವೆಯಾದ ಮೇಲೆ ಹೊಡೆಯುವವರು ಇರಲಿಲ್ಲ, ಆಡಿಕೊಳ್ಳುವವನೊಬ್ಬ ಇದ್ದ. ತರಕಾರಿ ಹೆಚ್ಚುವಾಗ, ಗುಂಡಿ ಹೊಲಿಯುವಾಗ, ‘ನಮ್ಮ ಎಡಚಿ ನೋಡಿ’ ಎಂದು ಬಂದವರ ಮುಂದೆ ನಗಿಸುವುದು ಮಾಸ್ಟರಿಗೆ ಅಭ್ಯಾಸವಾಗಿತ್ತು. ಆ ದಿನವೂ ಬಾಗಿಲಲ್ಲೇ ನಿಂತು, ಎಡಗೈಲಿ ಕತ್ತರಿ ಹಿಡಿದರೆ ಗಿರಾಕಿ ಕಿವಿ ಉಳಿಯುತ್ತೇನೇ ಎಂದು ಕೇಳಿದ. ಯಾರೂ ನಗಲಿಲ್ಲ. ಕುರ್ಚಿಯಲ್ಲಿದ್ದವನ ಎರಡೂ ಕಿವಿ ಇದ್ದವು, ಕಟಿಂಗೂ ಚೆನ್ನಾಗಿತ್ತು. ಚೆನ್ನಾಗಿತ್ತು ಎಂಬುದೇ ಮಾಸ್ಟರಿಗೆ ಬಿಸಿ ತುಪ್ಪವಾಯಿತು; ನುಂಗಲೂ ಆಗದು, ಉಗುಳಲೂ ಆಗದು.

ಅಲ್ಲಿಂದ ಶುರುವಾಯಿತು ನೋಡಿ. ಹೆಂಡತಿ ಗಳಿಸಿ ಹಾಕುತ್ತಿದ್ದಾಳೆ, ಮನೆ ನಡೆಯುತ್ತಿದೆ, ಬೇರೆಯವನಾಗಿದ್ದರೆ ಸದ್ಯ ಎನ್ನುತ್ತಿದ್ದ. ಮಾಸ್ಟರ್ ಬೆಂಚಿನ ಮೇಲೆ ಕೂತು ತಪ್ಪು ಹುಡುಕುತ್ತಿದ್ದ. ನೀರು ಜಾಸ್ತಿ ಚಿಮುಕಿಸುತ್ತಾಳೆ ಎನ್ನುತ್ತಿದ್ದ. ಪೌಡರು ಕಡಿಮೆ ಹಾಕುತ್ತಾಳೆ ಎನ್ನುತ್ತಿದ್ದ. ಕೆಲಸ ಮುಗಿಸಿ ಎದ್ದವನನ್ನು ಬಾಗಿಲ ಹತ್ತಿರ ತಡೆದು, ಹಿಂದುಗಡೆ ಸ್ವಲ್ಪ ಏರುಪೇರು ಕಾಣ್ತಿದೆ, ಪರವಾಗಿಲ್ಲ ಬಿಡಿ, ಹೊಸಬಳು ಎಂದು ಕಿವಿಯಲ್ಲಿ ಊದುತ್ತಿದ್ದ. ಆ ಗಿರಾಕಿ ಮುಂದಿನ ತಿಂಗಳು ಬರಲಾರ ಎಂದು ಆಸೆಪಡುತ್ತಿದ್ದ. ಆತ ಬರುತ್ತಿದ್ದ, ಜೊತೆಗೆ ತಮ್ಮನನ್ನೂ ಕರೆತರುತ್ತಿದ್ದ. ಕೈಲಾಗದವನು ಮೈ ಪರಚಿಕೊಂಡ ಅನ್ನುತ್ತಾರಲ್ಲ, ಆ ಮಾತು ಮಾಸ್ಟರ್ ಪಾಲಿಗೆ ಅಕ್ಷರಶಃ ನಿಜವಾಗಿತ್ತು.

ಅವಳು ಬಾಯಿಗೆ ಬಾಯಿ ಕೊಡುತ್ತಿರಲಿಲ್ಲ. ಸಂಜೆ ಶಟರು ಎಳೆಯುವ ಮೊದಲು, ಬನ್ನಿ, ನಿಮ್ಮದೂ ಒಂದು ಕಟಿಂಗು ಮಾಡ್ತೀನಿ ಎಂದು ಕರೆಯುತ್ತಿದ್ದಳು. ಆಕ್ಸಿಡೆಂಟಾದ ಮೇಲೆ ಮಾಸ್ಟರ್ ತಲೆಗೆ ಕತ್ತರಿ ತಾಗಿರಲಿಲ್ಲ. ಕೂದಲು ಕಿವಿ ದಾಟಿ ಕಾಲರಿನ ಮೇಲೆ ಬಿದ್ದಿತ್ತು, ಮುಂಗೂದಲು ಕಣ್ಣಿಗೆ ಬರುತ್ತಿತ್ತು. ಸಲೂನಿನ ಬೆಂಚಿನ ಮೇಲೆ ಹೀಗೆ ಕಾಡು ಬೆಳೆಸಿಕೊಂಡು ಒಬ್ಬ ಕೂತಿದ್ದರೆ ಅಂಗಡಿಗೆ ಶೋಭೆಯಲ್ಲ ಎಂದು ಅವನಿಗೂ ಗೊತ್ತು. ಆದರೂ ಅವಳ ಮುಂದೆ ತಲೆ ತಗ್ಗಿಸುವುದಕ್ಕಿಂತ ಕಾಡೇ ವಾಸಿ ಎಂದು ತಲೆ ಆಡಿಸಿಬಿಡುತ್ತಿದ್ದ.

ಕೆಲವು ತಿಂಗಳಲ್ಲಿ ಅವಳು ಅಪ್ಪನ ಕತ್ತರಿಯನ್ನು ಒರೆಸಿ ಡ್ರಾಯರಿನಲ್ಲಿಟ್ಟಳು. ಸೈಕಲ್ಲಿಗೆ ಸಾಣೆಚಕ್ರ ಕಟ್ಟಿಕೊಂಡು ಬೀದಿ ಬೀದಿ ಸುತ್ತುವ ಸಾಣೆಯವನಿಗೆ ಹೇಳಿ, ಎಲ್ಲಿಂದಲೋ ಎಡಗೈಯವರಿಗೆಂದೇ ಮಾಡಿದ ಕತ್ತರಿ ತರಿಸಿಕೊಂಡಿದ್ದಳು. ಮಾಮೂಲಿ ಕತ್ತರಿಯನ್ನು ಬಲಗೈಯಲ್ಲಿ ಹಿಡಿದರೆ ಬೆರಳ ಒತ್ತಡಕ್ಕೆ ಎರಡು ಅಲಗೂ ಒಂದನ್ನೊಂದು ತಬ್ಬುತ್ತವೆ. ಎಡಗೈಯಲ್ಲಿ ಹಿಡಿದರೆ ಅದೇ ಒತ್ತಡಕ್ಕೆ ಬೇರೆಯಾಗುತ್ತವೆ, ಕೂದಲು ನಡುವೆ ಮಡಚಿಕೊಳ್ಳುತ್ತದೆ. ಇಷ್ಟು ದಿನ ಅವಳು ಹೆಬ್ಬೆರಳನ್ನು ಒಳಕ್ಕೆ ಎಳೆದು ಎಳೆದು ಹೇಗೋ ಸಂಭಾಳಿಸಿದ್ದಳು. ಹೊಸ ಕತ್ತರಿಯಲ್ಲಿ ಅಲಗುಗಳು ಅದಲುಬದಲು. ಅದು ಬಂದ ಮೇಲೆ ಅವಳ ಕೈ ಹಾರಾಡತೊಡಗಿತು. ‘ಚಕ್ ಚಕ್’ ಎಂಬ ಆ ತೆಳು ಸದ್ದು ಮಾಸ್ಟರಿಗೆ ಬೆಂಚಿನ ಮೇಲೆ ಕೂತಲ್ಲೇ ಎದೆಯೊಳಗೆ ಕೇಳುತ್ತಿತ್ತು.

ಒಂದು ಮಧ್ಯಾಹ್ನ ಅವಳು ಹಿಂದಿನ ಕೋಣೆಯಲ್ಲಿ ಟವೆಲು ಒಗೆಯುತ್ತಿದ್ದಾಗ ಪೋಸ್ಟ್‌ಮ್ಯಾನ್ ಬಂದರು. ಮಾಸ್ಟರ್ ದಡಬಡಿಸಿ ಎದ್ದು, ಕೂತ್ಕೊಳ್ಳಿ, ಇವತ್ತು ನಾನೇ ಮಾಡ್ತೀನಿ ಎಂದ. ಪೋಸ್ಟ್‌ಮ್ಯಾನ್ ಒಮ್ಮೆ ಪರದೆಯ ಕಡೆ ನೋಡಿ, ಹಳೇ ಸ್ನೇಹಕ್ಕೆ ಕಟ್ಟುಬಿದ್ದು ಕೂತರು. ಮಾಸ್ಟರ್ ಡ್ರಾಯರಿನಿಂದ ಅಪ್ಪನ ಕತ್ತರಿ ತೆಗೆದು ಎಡಗೈಗೆ ತೂರಿಸಿಕೊಂಡ. ಎಡಗೈಗೆ ಅದು ಒಗ್ಗದು ಎಂಬುದು ಅವನಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಆದರೆ ಅಪ್ಪನ ಕತ್ತರಿ ನನ್ನ ಮಾತು ಕೇಳದೆ ಇನ್ನಾರ ಮಾತು ಕೇಳೀತು ಎಂಬ ಜಂಬ.

ಕೇಳಲಿಲ್ಲ. ಕತ್ತರಿ ಕೂದಲನ್ನು ಕತ್ತರಿಸದೆ ಅಗಿಯಿತು. ಬಿಡಿಸಲು ಎಳೆದರೆ ಪೋಸ್ಟ್‌ಮ್ಯಾನ್ ತುಟಿ ಕಚ್ಚಿಕೊಂಡರು. ಅವರು ನಿದ್ದೆ ಮಾಡಿರಲಿಲ್ಲ, ಕನ್ನಡಿಯಲ್ಲಿ ಎರಡೂ ಕಣ್ಣು ಅಗಲಕ್ಕೆ ತೆರೆದುಕೊಂಡಿದ್ದರು. ಅದನ್ನು ನೋಡಿದ ಮಾಸ್ಟರ್ ಕತ್ತರಿಯನ್ನು ಇನ್ನಷ್ಟು ಒತ್ತಿದ; ಕಿವಿಯ ಮೇಲೆ ಇಲಿ ಕಡಿದಂಥ ಒಂದು ಗುಳಿ ಬಿತ್ತು.

ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು, ನೋಡಿದಳು. ಮಷೀನು ತೆಗೆದುಕೊಂಡು ಸುತ್ತಲೂ ಸಣ್ಣಗೆ ಮಾಡಿ ಗುಳಿಯನ್ನು ಮರೆಸಿದಳು. ಸೆಕೆಗೆ ಒಳ್ಳೇದಾಯ್ತು ಬಿಡಮ್ಮಾ ಎಂದರು ಪೋಸ್ಟ್‌ಮ್ಯಾನ್. ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ತಿರುಗಿ, “ಬರ್ತೀನಿ ಮಾಸ್ಟರೇ” ಎಂದರು.

ಮಾಸ್ಟರ್ ‘ಹೂಂ’ ಎನ್ನಲು ಬಾಯಿ ತೆರೆದಿದ್ದ. ಆದರೆ ಅವರು ನೋಡುತ್ತಿದ್ದುದು ಅವಳ ಕಡೆ.

ಕೈ ಹೋದಾಗಲೂ ಅಷ್ಟು ನೋವಾಗಿರಲಿಲ್ಲ. ಕೈ ಶಟರಿನ ಪಾಲಾಯಿತು, ಕುರ್ಚಿ ಅವಳ ಪಾಲಾಯಿತು, ಹೆಸರೊಂದು ಉಳಿದಿತ್ತು, ಈಗ ಅದೂ ಹೋಯಿತು. ಇನ್ನೊಂದು ಸಲ ಆ ಕುರ್ಚಿಯ ಹಿಂದೆ ನಿಲ್ಲದೆ ಹೋದರೆ ತಾನು ಬದುಕಿದ್ದೂ ಪ್ರಯೋಜನವಿಲ್ಲ ಎಂದು ಅವನಿಗೆ ಅನ್ನಿಸಿತು. ತಾನು ನಿಲ್ಲಲಾಗದಿದ್ದರೆ ಅವಳೂ ನಿಲ್ಲಬಾರದು ಎಂದು ಅದರ ಹಿಂದೆಯೇ ಅನ್ನಿಸಿತು. ಎರಡನೆಯದು ಸುಲಭವಿತ್ತು. ಮಾರನೆಯ ದಿನ ಅವಳು ಹೊರಗೆ ಟವೆಲು ಹರವಲು ಹೋದಾಗ, ಎಡಗೈ ಕತ್ತರಿಯನ್ನು ಎತ್ತಿ ಕೆಟ್ಟ ರೇಡಿಯೋದ ಹಿಂದಿನ ಮುಚ್ಚಳ ತೆಗೆದು ಒಳಗಿಟ್ಟುಬಿಟ್ಟ.

ಅವಳು ಹುಡುಕಿದಳು. ಬೆಂಚಿನ ಕೆಳಗೆ, ಕೂದಲು ತುಂಬುವ ಬುಟ್ಟಿಯಲ್ಲಿ, ಮನೆಯ ಚೀಲದಲ್ಲಿ, ಕೊನೆಗೆ ಬೀದಿ ಕಸದ ತೊಟ್ಟಿಯಲ್ಲೂ ಹುಡುಕಿದಳು. ಸಾಣೆಯವನು ಬಂದಾಗ, ನಿನ್ನ ಹತ್ತಿರ ಸಾಣೆಗೆ ಕೊಟ್ಟು ಮರೆತೆನಾ ಎಂದು ಕೇಳಿದಳು. ಇಲ್ಲವಲ್ಲಮ್ಮಾ, ಯಾರಾದರೂ ಕದ್ದಿರಬೇಕು ಎಂದ ಅವನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬೆಂಚಿನಿಂದ ಮಾಸ್ಟರ್, ಎಡಗೈ ಕತ್ತರಿ ಕದ್ದು ಯಾರಿಗೇನು ಉಪಯೋಗ, ಇವಳೇ ಎಲ್ಲೋ ಬಿಸಾಕಿರ್ತಾಳೆ ಎಂದು ಕೇಳದಿದ್ದರೂ ಉತ್ತರ ಕೊಟ್ಟ. ಅಂಥದ್ದು ಇನ್ನೊಂದು ಸಿಗುವುದು ತಡವಾಗುತ್ತದೆ ಎಂದು ಹೇಳಿ ಸಾಣೆಯವನು ಸೈಕಲ್ಲು ಹತ್ತಿದ.

ಆದರೆ ಅಂಗಡಿ ನಿಲ್ಲಲಿಲ್ಲ. ಅವಳು ಮತ್ತೆ ಅಪ್ಪನ ಕತ್ತರಿ ಹಿಡಿದಳು, ಹೆಬ್ಬೆರಳನ್ನು ಮತ್ತೆ ಒಳಕ್ಕೆ ಎಳೆಯತೊಡಗಿದಳು. ಕೆಲಸ ನಿಧಾನವಾಯಿತು, ಬೆಂಚಿನ ಮೇಲೆ ಜನ ಕಾದರು, ಕಾದರೂ ಎದ್ದು ಹೋಗಲಿಲ್ಲ. ಅದು ಇನ್ನೊಂದು ಉರಿ. ತನ್ನ ಕಾಲದಲ್ಲಿ ಹತ್ತು ನಿಮಿಷ ತಡವಾದರೆ ಗೊಣಗುತ್ತಿದ್ದವರು ಇವಳಿಗಾಗಿ ಪೇಪರು ತಿರುವಿ ಹಾಕುತ್ತ ಕೂರುತ್ತಾರಲ್ಲ ಎಂದು ಮಾಸ್ಟರ್ ಒಳಗೊಳಗೇ ಬೆಂದ. ಈ ನಡುವೆ ಟವೆಲು ಮಡಚುವ ಕೆಲಸ ಅವನದಾಗಿತ್ತು. ಒಂದು ದಿನ ಒಗೆದ ಟವೆಲಿನ ಅಂಚಿನಲ್ಲಿ ಹೋಗದೆ ಉಳಿದ ಕಂದು ಕಲೆ ಕಂಡಿತು. ಯಾರ ಗಲ್ಲ ಕೊಯ್ದಳಪ್ಪಾ ಎಂದು ಒಂದು ಕ್ಷಣ ಅವನಿಗೆ ಖುಷಿಯೇ ಆಯಿತು. ಆಮೇಲೆ ಅವಳ ಕೈ ನೋಡಿದ. ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದು ಒಡೆದಿತ್ತು.

ಆ ರಕ್ತ ನೋಡಿ ಕತ್ತರಿ ವಾಪಸು ಇಟ್ಟಿದ್ದರೆ ಅವನೊಬ್ಬ ಸಂತನಾಗುತ್ತಿದ್ದ. ಮಾಸ್ಟರ್ ಸಂತನಲ್ಲ. ಅವನಿಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಅವಳ ಮೇಲೆಯೇ ಸಿಟ್ಟು ಬಂತು, ಸಿಟ್ಟಿನಲ್ಲಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಬೆರಳಿಗೆ ಪ್ಲಾಸ್ಟರು ತರ್ತೀನಿ ಎಂದು ಅವಳು ಮೆಡಿಕಲ್ ಶಾಪಿಗೆ ಹೋದಳು. ಮಾಸ್ಟರ್ ಒಬ್ಬನೇ ಉಳಿದ. ಅಷ್ಟಕ್ಕೂ ಅದರಲ್ಲಿ ಏನು ಇದೆ ನೋಡೋಣ ಎಂದು ರೇಡಿಯೋದಿಂದ ಕತ್ತರಿ ತೆಗೆದ. ಕೋಣೆಯ ಗೋಡೆಗೆ ಒಡೆದ ಕನ್ನಡಿಯ ಒಂದು ತುಂಡು ನೇತುಹಾಕಿತ್ತು. ಅದರ ಮುಂದೆ ನಿಂತು ಕತ್ತರಿಯನ್ನು ಎಡಗೈಗೆ ತೂರಿಸಿಕೊಂಡ, ಅವಳನ್ನು ಅಣಕಿಸುವುದಕ್ಕೆ ಎಂದೇ ಇಟ್ಟುಕೊಳ್ಳಿ. ಕಣ್ಣಿಗೆ ಬೀಳುತ್ತಿದ್ದ ಮುಂಗೂದಲನ್ನು ಬಲಗೈಯ ಸತ್ತ ಬೆರಳುಗಳ ಸಂದಿಯಲ್ಲಿ ಸಿಕ್ಕಿಸಿ ಎತ್ತಿದ. ಕತ್ತರಿ ಆಡಿಸಿದ.

‘ಚಕ್’ ಎಂದಿತು. ಕೂದಲು ಮಡಚಲಿಲ್ಲ, ಅಲಗು ಅಗಿಯಲಿಲ್ಲ. ಎಳೆದ ಗೆರೆಯಂತೆ ಕತ್ತರಿಸಿ ಬಿತ್ತು.

ಮತ್ತೊಂದು ಎಳೆ ಎತ್ತಿದ. ಮತ್ತೆ ‘ಚಕ್’. ಕೈ ಒರಟಾಗಿತ್ತು, ಕೋನ ತಪ್ಪುತ್ತಿತ್ತು, ಆದರೆ ಕತ್ತರಿ ಕತ್ತರಿಯ ಕೆಲಸ ಮಾಡುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಈ ಪುಣ್ಯಾತ್ಮ ಮದ್ದನ್ನು ಕದ್ದು ರೇಡಿಯೋದೊಳಗೆ ಬಚ್ಚಿಟ್ಟು, ಹೊರಗೆ ಕೂತು ನರಳುತ್ತಿದ್ದ. ತಲೆಯೆತ್ತಿ ಕನ್ನಡಿ ನೋಡಿದ. ಕನ್ನಡಿಯಲ್ಲಿದ್ದವನು ಕತ್ತರಿಯನ್ನು ಬಲಗೈಯಲ್ಲಿ ಹಿಡಿದಿದ್ದ. ಶಟರು ಬೀಳುವ ಮೊದಲಿನ ಮಾಸ್ಟರ್ ಅಲ್ಲಿ ನಿಂತಿದ್ದ.

ಆಗ ಅವನ ಹಿಂದೆ, ಅದೇ ಕನ್ನಡಿಯಲ್ಲಿ, ಹೆಂಡತಿ ಕಂಡಳು. ಪರದೆ ಸರಿಸಿ ನಿಂತಿದ್ದಳು. ಬಾಗಿಲಿಗೆ ಬರುತ್ತಲೇ ಸದ್ದು ಕೇಳಿಸಿರಬೇಕು. ತನ್ನ ಕತ್ತರಿಯ ಸದ್ದು ಯಾರಿಗೆ ಗೊತ್ತಾಗುವುದಿಲ್ಲ.

ಅವಳು ಪ್ಲಾಸ್ಟರಿನ ಪೊಟ್ಟಣವನ್ನು ಸ್ಟೌ ಪಕ್ಕದಲ್ಲಿಟ್ಟು ಕೈ ಚಾಚಿದಳು. ಅವನು ಕತ್ತರಿ ಕೊಟ್ಟ. ಅವಳು ಅದನ್ನು ತಿರುಗಿಸಿ ನೋಡಿ, ಸೆರಗಿನಿಂದ ಒರೆಸಿದಳು.

“ಕಳೆದವಳು ನಾನೇ ಅಂತ ನನ್ನನ್ನೇ ಬೈಕೊಂಡೆ,” ಎಂದಳು. “ಕಸದ ತೊಟ್ಟಿಗೂ ಕೈ ಹಾಕಿದೆ. ನೀವು ಬೆಂಚಿನ ಮೇಲೆ ಕೂತು ನೋಡ್ತಿದ್ರಿ.”

ಮಾಸ್ಟರ್ ನೆಲ ನೋಡಿದ. ಹೇಳಬೇಕಾದ್ದು ಬೇರೆ ಏನೇನೋ ಇತ್ತು, ಬಂದದ್ದು ಮಾತ್ರ ಹೊಟ್ಟೆಯೊಳಗಿದ್ದ ನಿಜ. “ನಂದು ಅಂತ ಏನೂ ಉಳೀಲಿಲ್ಲ ಕಣೇ. ಅಂಗಡಿ ನಿಂದು, ಗಿರಾಕಿಗಳು ನಿನ್ನೋರು, ಹೆಸರೂ ನಿಂದೇ ಆಯ್ತು. ಉರಿ ತಡ್ಕೊಳ್ಳೋಕಾಗ್ಲಿಲ್ಲ.”

“ಉರಿ ನಿಮ್ಮೊಬ್ಬರಿಗೇನಾ ಇರೋದು?” ಎಂದಳು ಅವಳು. “ಇಷ್ಟು ವರ್ಷ ಊಟದ ಡಬ್ಬಿ ತಂದು, ಅದು ಖಾಲಿಯಾಗೋವರೆಗೂ ಆ ಬೆಂಚಿನ ಮೇಲೆ ಕೂತು ನಾನೇನು ಮಾಡ್ತಿದ್ದೆ ಅಂದ್ಕೊಂಡ್ರಿ? ನಿಮ್ಮ ಕೈ ನೋಡಿ ಹೊಟ್ಟೆ ಉರ್ಕೊಳ್ತಿದ್ದೆ. ನನ್ನ ಕೈ ಕಟ್ಟಿಹಾಕಿದ್ರು, ಹೊಡೆದ್ರು, ನೀವು ನಗಾಡಿದ್ರಿ. ನಿಮ್ಮ ಕೈನ ಮಾತ್ರ ಊರೇ ಹೊಗಳ್ತಿತ್ತು. ಬೆನ್ನು ನೋಡಿದ್ರೆ ಏನೂ ಕಾಣ್ತಿರಲಿಲ್ಲ, ಅದಕ್ಕೇ ಕನ್ನಡಿ ನೋಡ್ತಿದ್ದೆ. ಕನ್ನಡಿಯಲ್ಲಿ ನೀವು ಎಡಚರು. ನನ್ನ ಹಾಗೇ. ಆ ಕನ್ನಡಿಯವರನ್ನ ನೋಡಿ ಕಲಿತೆ.”

“ನಾನೂ ಕದ್ದವಳೇ,” ಎಂದಳು ಅವಳು. “ಆದ್ರೆ ಕತ್ತರಿ ಕದೀಲಿಲ್ಲ. ಕೆಲಸ ಕದ್ದೆ.”

ಮಾಸ್ಟರಿಗೆ ಆ ಬೆಂಚು ನೆನಪಾಯಿತು. ಅವಳು ಅಲ್ಲಿ ಕೂತಿರುತ್ತಿದ್ದುದು ನೆನಪಿತ್ತು. ಅವಳ ಮುಖ ಹೇಗಿರುತ್ತಿತ್ತು ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಗೊರಕೆ ಹೊಡೆಯುವ ಪೋಸ್ಟ್‌ಮ್ಯಾನ್ ಮುಖ ನೋಡಿದ್ದ, ಮೆಚ್ಚುವ ಗಿರಾಕಿಗಳ ಮುಖ ನೋಡಿದ್ದ, ಕನ್ನಡಿಯಲ್ಲಿ ತನ್ನ ಮುಖವನ್ನಂತೂ ಬೇಕಾದಷ್ಟು ನೋಡಿಕೊಂಡಿದ್ದ.

ಅವಳು ಪರದೆ ಸರಿಸಿ ಹೊರಟಳು. ಈಗ ಬಿಟ್ಟರೆ ಮತ್ತೆ ಬಾಯಿ ಬರುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಇಷ್ಟು ದಿನ ಮೀಸೆ ತಿರುವಿದ್ದೇ ಸಾಕಾಗಿತ್ತು.

“ಕಲಿಸ್ತೀಯಾ?” ಎಂದು ಕೇಳಿದ.

ಅವಳು ತಿರುಗಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಮುಂಗೂದಲು ಅರ್ಧ ಹೋಗಿ, ಅರ್ಧ ಉಳಿದು, ನೋಡುವ ಹಾಗಿರಲಿಲ್ಲ. “ಮೊದಲು ಹೋಗಿ ಕುರ್ಚಿ ಮೇಲೆ ಕೂತ್ಕೊಳ್ಳಿ,” ಎಂದಳು. “ಈ ತಲೆ ಹೊತ್ಕೊಂಡು ನನ್ನ ಅಂಗಡಿಯಲ್ಲಿ ಯಾರೂ ಕತ್ತರಿ ಹಿಡಿಯೋ ಹಾಗಿಲ್ಲ.”

‘ನನ್ನ ಅಂಗಡಿ’ ಎಂಬುದು ಚುರುಕ್ಕೆಂದಿತು. ಆದರೂ ಹೋಗಿ ಕೂತ. ಅವಳು ಬಟ್ಟೆ ಹೊದಿಸಿ, ಕತ್ತಿನ ಹಿಂದೆ ಗಂಟು ಹಾಕಿ, ಅವನ ತಲೆಯನ್ನು ಮುಂದಕ್ಕೆ ಬಗ್ಗಿಸಿದಳು. ಅವನು ಬಗ್ಗಿದ.

ಕಲಿಸುವುದರಲ್ಲಿ ಅವಳಿಗೆ ಕರುಣೆ ಎಂಬುದು ಇರಲಿಲ್ಲ. ತನ್ನ ಹೆಬ್ಬೆರಳ ಬೊಬ್ಬೆ ಮಾಯುವವರೆಗೂ ಅವನಿಗೆ ಕತ್ತರಿ ಮುಟ್ಟಿಸಲೇ ಇಲ್ಲ. ಬೆಂಚಿನ ಮೇಲೆ ಕೂರಿಸಿ, ಕನ್ನಡಿ ಬೇಡ, ಈ ಸಲ ನೇರವಾಗಿ ನನ್ನ ಕೈ ನೋಡಿ ಎಂದಳು. ಅವನ ಬಲಗೈಗೆ ಬಾಚಣಿಗೆ ನಿಲ್ಲುತ್ತಿರಲಿಲ್ಲ. ಹಳೇ ಟವೆಲು ಹರಿದು ಬಾಚಣಿಗೆಯ ಹಿಡಿಗೆ ದಪ್ಪಗೆ ಸುತ್ತಿ ಕೊಟ್ಟಳು. ಸತ್ತ ಬೆರಳುಗಳು ಅದನ್ನು ಹೇಗೋ ತಬ್ಬಿಕೊಂಡವು. ರೇಜರು ಕಲಿಯಲು ಬಲೂನು ಊದಿ, ಸೋಪಿನ ನೊರೆ ಬಳಿದು, ಕೆರೆಯಲು ಕೊಟ್ಟಳು. ಬಲೂನು ‘ಢಂ’ ಎಂದು ನೊರೆಯೆಲ್ಲ ಅವನ ಮೀಸೆಗೆ ಬಂದಾಗ ಬೆಂಚಿನ ಮೇಲಿದ್ದವರು ನಕ್ಕರು, ಅವಳೂ ನಕ್ಕಳು. ಅವನು ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಅವಳು ಬಲೂನಿನ ಮೇಲೆ ಕಲಿತಾಗ ಒಂದೂ ಒಡೆದಿರಲಿಲ್ಲವಂತೆ. ಅದನ್ನು ಕೇಳಿ ಅವತ್ತು ಮಾಸ್ಟರಿಗೆ ಊಟ ಸೇರಲಿಲ್ಲ.

ಹೊಟ್ಟೆಕಿಚ್ಚು ಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಹೋಗಲಿಲ್ಲ. ಅವಳ ಕೈ ಕಿವಿಯ ಸುತ್ತ ಒಂದೇ ಓಟದಲ್ಲಿ ತಿರುಗುವುದನ್ನು ನೋಡಿ ಅವನಿಗೆ ಈಗಲೂ ಉರಿಯುತ್ತಿತ್ತು. ಆದರೆ ಮೊದಲು ಆ ಉರಿಗೆ ಅವಳ ಕೈ ನಿಲ್ಲಲಿ ಎನ್ನಿಸುತ್ತಿತ್ತು, ಈಗ ಆ ತಿರುವು ನನಗೂ ಬರಲಿ ಎನ್ನಿಸುತ್ತಿತ್ತು. ಒಂದೇ ಒಲೆ, ಅದರ ಮೇಲೆ ಇಟ್ಟ ಪಾತ್ರೆ ಬೇರೆ. ಸೋತಾಗ ಡ್ರಾಯರು ತೆಗೆದು ಅಪ್ಪನ ಕತ್ತರಿ ನೋಡುತ್ತಿದ್ದ, ಮತ್ತೆ ಮುಚ್ಚುತ್ತಿದ್ದ. ಕೆಲವು ದಿನ ಬಾಚಣಿಗೆ ಎಸೆದು, ಇದೆಲ್ಲ ನನ್ನ ಕೈಲಾಗದು ಎಂದು ಮನೆಗೆ ಹೋಗಿಬಿಡುತ್ತಿದ್ದ. ಮರುದಿನ ಅವಳಿಗಿಂತ ಮೊದಲೇ ಬಂದು ಶಟರಿನ ಮುಂದೆ ನಿಂತಿರುತ್ತಿದ್ದ. ಶಟರು ಎತ್ತುವಾಗ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಆ ಭಯ ಉಳಿದೇ ಹೋಯಿತು. ಅವನು ಕಣ್ಣು ಮುಚ್ಚಿದಾಗ ಅವಳೂ ಶಟರಿಗೆ ಒಂದು ಕೈ ಹಾಕುತ್ತಿದ್ದಳು.

ಮೊದಲು ಅವಳ ತಮ್ಮನ ತಲೆ ಸಿಕ್ಕಿತು, ಆಮೇಲೆ ಅವಸರವಿಲ್ಲದ ಒಬ್ಬಿಬ್ಬರದು. ಅವನು ಮಾಡಿ ಮುಗಿಸಿದ್ದನ್ನು ಅವಳು ನೋಡಿ ತಿದ್ದುತ್ತಿದ್ದಳು. ತಿದ್ದುವುದು ದಿನದಿನಕ್ಕೆ ಕಡಿಮೆಯಾಯಿತು.

ಹೀಗಿರುವಾಗ ಪೋಸ್ಟ್‌ಮ್ಯಾನ್ ಬಂದರು. ಅವಳು ಕುರ್ಚಿ ಒರೆಸಿ ಕೂರಿಸಿ, ಬಟ್ಟೆ ಹೊದಿಸಿ, ನೀರು ಚಿಮುಕಿಸಿದಳು. ಪೋಸ್ಟ್‌ಮ್ಯಾನ್ ಹಳೇ ರೂಢಿಯಂತೆ ಕಣ್ಣು ಮುಚ್ಚಿದರು. ಅವಳು ಕತ್ತರಿಯನ್ನು ಕೈಗೆತ್ತಿಕೊಂಡು, ಒಂದು ಕ್ಷಣ ಯೋಚಿಸಿ, ಅದನ್ನು ಮಾಸ್ಟರ್ ಕಡೆ ಚಾಚಿದಳು. ತಾನು ಹೋಗಿ ಬೆಂಚಿನ ಮೇಲೆ ಕೂತಳು.

ಮಾಸ್ಟರ್ ಕತ್ತರಿ ತೆಗೆದುಕೊಂಡು ಕುರ್ಚಿಯ ಹಿಂದೆ ನಿಂತ. ಕಿವಿಯ ಮೇಲಿನ ಆ ಗುಳಿ ಎಂದೋ ತುಂಬಿಕೊಂಡಿತ್ತು. ಅವನ ಕಣ್ಣಿಗೆ ಮಾತ್ರ ಇನ್ನೂ ಕಾಣುತ್ತಿತ್ತು. ಬಟ್ಟೆ ಸುತ್ತಿದ ಬಾಚಣಿಗೆಯಿಂದ ಕೂದಲೆತ್ತಿದ. ‘ಚಕ್’. ಅವರು ಕಣ್ಣು ಬಿಡಲಿಲ್ಲ. ಹಿಂದೆ ಮುಗಿಸಿ ಪಕ್ಕಕ್ಕೆ ಬಂದ, ಕಿವಿಯ ಸುತ್ತ ಅವಳ ತಿರುವನ್ನೇ ತಿರುಗಿಸಿದ. ಒಂದೇ ಓಟದಲ್ಲಿ ಬರಲಿಲ್ಲ, ಎರಡು ಓಟದಲ್ಲಿ ಬಂತು. ಇನ್ನೊಂದು ಕಿವಿಗೆ ಬರುವಷ್ಟರಲ್ಲಿ ಪೋಸ್ಟ್‌ಮ್ಯಾನ್ ಗೊರಕೆ ಹೊಡೆಯುತ್ತಿದ್ದರು.

ಮುಗಿದ ಮೇಲೆ ಬ್ರಷ್ಷಿನಿಂದ ಕತ್ತು ಒರೆಸಿದಾಗ ಅವರಿಗೆ ಅರ್ಧ ಎಚ್ಚರವಾಯಿತು. ಕಣ್ಣು ಬಿಡದೆ ಕತ್ತಿನ ಹಿಂದೆ ಕೈಯಾಡಿಸಿಕೊಂಡು, “ಅಮ್ಮಾ, ಇವತ್ತು ನಿನ್ನ ಕೈ ಎಂದಿಗಿಂತ ಹಗುರವಾಗಿತ್ತು ನೋಡು,” ಎಂದರು.

ಮಾಸ್ಟರ್ ಕನ್ನಡಿಯಲ್ಲಿ ಬೆಂಚಿನ ಕಡೆ ನೋಡಿದ. ಅವಳು ನಗುತ್ತಿದ್ದಳು, ಆದರೆ ನಗು ತುಟಿಯಲ್ಲೇ ನಿಂತಿತ್ತು. ಕೈಯಲ್ಲಿದ್ದ ಪೇಪರನ್ನು ತುಸು ಹೆಚ್ಚೇ ಗಟ್ಟಿಯಾಗಿ ಹಿಡಿದಿದ್ದಳು. ಆ ಮುಖ ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದೇ ಜಾಗದಲ್ಲಿ ಕೂತು, ಅದೇ ಪೇಪರು ಹಿಡಿದು, ಆ ಮುಖವನ್ನು ಅವನು ತಿಂಗಳುಗಟ್ಟಲೆ ಹೊತ್ತಿದ್ದ. ಅದಕ್ಕೂ ಮೊದಲು ಅವಳು ವರ್ಷಗಟ್ಟಲೆ ಹೊತ್ತಿದ್ದಳು, ಅವನು ಒಂದು ಸಲವೂ ನೋಡಿರಲಿಲ್ಲ.

ಹೆಸರು ವಾಪಸು ಪಡೆಯಲು ಇದಕ್ಕಿಂತ ಒಳ್ಳೇ ಗಳಿಗೆ ಇರಲಿಲ್ಲ. ನಾನು, ಮಾಸ್ಟರ್ ಎಂದರೆ ಸಾಕಿತ್ತು.

“ಕೈ ಅವಳದೇ ಸ್ವಾಮಿ,” ಎಂದ ಅವನು. “ನನ್ನ ಹತ್ತಿರ ಇದೆ ಅಷ್ಟೆ.”

ಪೋಸ್ಟ್‌ಮ್ಯಾನ್ ಕಣ್ಣು ಬಿಟ್ಟು, ಕನ್ನಡಿಯಲ್ಲಿ ಅವನನ್ನೂ ಅವಳನ್ನೂ ಕತ್ತರಿಯನ್ನೂ ನೋಡಿದರು. ಕತ್ತಿನ ಹಿಂದೆ ಇನ್ನೊಮ್ಮೆ ಕೈಯಾಡಿಸಿಕೊಂಡರು.

ಅವಳು ಪೇಪರು ಮಡಚಿಟ್ಟು ಎದ್ದು ಬಂದಳು. ಕುರ್ಚಿಯ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ, ಎರಡೂ ಕಿವಿಗಳನ್ನು ಅಳೆಯುವವಳಂತೆ ನೋಡಿದಳು.

“ಬಲಗಡೆ ಸ್ವಲ್ಪ ಜಾಸ್ತಿ ಇದೆ,” ಎಂದಳು. ಮಾಸ್ಟರ್ ಕತ್ತರಿಯನ್ನು ಅವಳ ಕಡೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. “ನೀವೇ ತೆಗೀರಿ,” ಎಂದು ಹೇಳಿ ಟವೆಲು ತರಲು ಒಳಗೆ ಹೋದಳು.